30×40ರ ಮೂಲೆಮಟ್ಟ

ಕುವೆಂಪುನಗರದ ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ನಡೆಯುವ ಗಣಿತದ ಟ್ಯೂಷನ್ನಿನಿಂದ ಸಂಜೆಯಾದೊಡನೆ ಒಂದು ಮಂತ್ರಘೋಷ ಕೇಳಿಬರುತ್ತದೆ: "ತಲೆಕೆಳಗು ಮಾಡು, ಚಿಹ್ನೆ ಬದಲಿಸು." ಒಂದು ಸರಳರೇಖೆಯ ಇಳಿಜಾರು, ಅಂದರೆ ಅಡ್ಡಲಾಗಿ ಸಾಗಿದ ದೂರಕ್ಕೆ ಅದು ಎಷ್ಟು ಏರುತ್ತದೆ ಎಂಬ ಭಿನ್ನರಾಶಿ, ತಿಳಿದಿದ್ದರೆ ಅದಕ್ಕೆ ಲಂಬವಾದ ರೇಖೆಯ ಇಳಿಜಾರನ್ನು ಪಡೆಯುವ ಉಪಾಯವಂತೆ ಇದು. ಮೊನ್ನೆ ಹುಡುಗನೊಬ್ಬ "ಯಾಕೆ ಸಾರ್?" ಎಂದ. "ಅದು ಪರೀಕ್ಷೆಗೆ ಬರಲ್ಲ, ಬರ್ಕೋ" ಎಂಬ ಉತ್ತರ ಕಿಟಕಿ ದಾಟಿ ನನ್ನ ಕಾಫಿಯವರೆಗೂ ಬಂತು. ಮಂತ್ರವೇನೋ ಸರಿಯೇ, ಎರಡು ಇಳಿಜಾರುಗಳ ಗುಣಲಬ್ಧ -1 ಆಗಬೇಕು. ಆದರೆ ಕೇಳಿದ ಮಗುವಿನ ಬಾಯಿ ಮುಚ್ಚಿಸುವುದಕ್ಕೂ ತಿಂಗಳ ಫೀಸು ವಸೂಲು ಮಾಡುವುದನ್ನು ನಾನು ಸಹಿಸಲಾರೆ.

ಆ -1 ಏಕೆ ಎಂಬುದನ್ನು ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ಎದುರು ಸೈಟಿನ ಮೇಸ್ತ್ರಿಯ ಪ್ರಸಂಗ ಮುಗಿಯಬೇಕು.

30×40 ಅಡಿಯ ಸೈಟಿನ ಕರ್ಣ ಕರಾರುವಾಕ್ಕಾಗಿ 50 ಅಡಿ ಎಂಬುದು ಅದನ್ನು ಕೊಂಡವರಲ್ಲಿ ಅನೇಕರಿಗೆ ತಿಳಿಯದಿದ್ದರೂ ಮೇಸ್ತ್ರಿಗೆ ತಿಳಿದಿತ್ತು. ಪಾಯದ ಗುರುತು ಹಾಕುವ ದಿನ ಆತ ಮೂಲೆಮಟ್ಟಕ್ಕೆ, ಅಂದರೆ ಮೂಲೆ ಲಂಬಕೋನವಾಗಲೆಂದು, ಗೂಟ ನೆಟ್ಟು, ಎರಡು ದಾರ ಕಟ್ಟಿ, ಒಂದರ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ನಡುವಿನ ಅಂತರ 5 ಅಡಿ ಬರುವವರೆಗೆ ಗೂಟವನ್ನು ಅತ್ತಿತ್ತ ಸರಿಸಿದ. ಮಾಲೀಕರಿಗೆ ಅದು ಸಾಲಲಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಎಳೆಸಿ, ಅವು ನಡುವೆ ಲಂಬವಾಗಿ ಕತ್ತರಿಸುತ್ತಿಲ್ಲವಾದ್ದರಿಂದ ಸೈಟೇ ಸೊಟ್ಟಗಿದೆಯೆಂದು ವಾದ ಹೂಡಿದರು.

"ಸ್ವಾಮಿ, ಎರಡೂ 50 ಬಂದದೆ, ಮೂಲೆಮಟ್ಟ ಸರಿಯಾಗೇ ಅದೆ. ಅಡ್ಡದಾರನೂ ಮಟ್ಟಕ್ಕೆ ಬರ್ಬೇಕು ಅಂದ್ರೆ ನೀವು 40×40 ತಗೋಬೇಕಿತ್ತು" ಎಂದ ಮೇಸ್ತ್ರಿ.

ಆತ ಹೇಳಿದ್ದು ಅಕ್ಷರಶಃ ನಿಜ. 40 ಅಡಿಯ ಬದಿಯನ್ನು ಅಡ್ಡಲಾಗಿ ಇಟ್ಟುಕೊಂಡರೆ ಒಂದು ಕರ್ಣದ ಇಳಿಜಾರು 3/4, ಇನ್ನೊಂದರದು -3/4, ಗುಣಲಬ್ಧ -9/16. ಚಿಹ್ನೆಯೇನೋ ಬದಲಾಗಿದೆ, ಭಿನ್ನರಾಶಿ ಮಾತ್ರ ತಲೆಕೆಳಗಾಗಿಲ್ಲ. ಲಂಬವೇ ಬೇಕೆಂದರೆ ಇಳಿಜಾರು -4/3 ಇರಬೇಕು. ಸೈಟಿನ ನಡುವಿನಿಂದ ಹಾಗೆ ಎಳೆದ ಗೆರೆ ಮೂಲೆಯನ್ನು ಮುಟ್ಟದೆ ಪಕ್ಕದವರ ಕಾಂಪೌಂಡಿಗೆ ಬಡಿಯುತ್ತದೆ. ಚೌಕದ ಸೈಟಿನಲ್ಲಾದರೆ 1 ಮತ್ತು -1, ಜಗಳವೇ ಇಲ್ಲ. ಇದನ್ನು ಮಾಲೀಕರಿಗೆ ವಿವರಿಸಿದೆ. ಅವರು ವಾಸ್ತು ಹೇಳುವವರಿಗೆ ಫೋನು ಮಾಡಿದರು.

ಗೋಡೆ ಎದ್ದಾಗ ಮಂತ್ರವೇ ಕೈಕೊಟ್ಟಿತು. ಮಟ್ಟಸವಾದ ನೆಲದ ಇಳಿಜಾರು 0. ಅದನ್ನು ತಲೆಕೆಳಗು ಮಾಡುವುದು ಹೇಗೆ? ನೆಟ್ಟಗೆ ನಿಂತ ಗೋಡೆಗೆ ಇಳಿಜಾರೆಂಬುದೇ ಇಲ್ಲ. ಓರೆಯಾದ ರೇಖೆಗಳನ್ನೆಲ್ಲ ಆಳುವ ಸೂತ್ರ, ನಾವು ದಿನವೂ ಕಾಣುವ ಗೋಡೆ-ನೆಲಗಳ ಲಂಬದ ಮುಂದೆ ಮೂಕವಾಗುತ್ತದೆ. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ಕೆಲಸ ಮುಗಿಸಿದ.

ಈಗ ಬಚ್ಚಲಿನ ಸರದಿ. ನೀರು ಹರಿಯಲು ನೆಲಕ್ಕೆ ವಾಟ ಕೊಡಬೇಕೆಂದು ಮೇಸ್ತ್ರಿ, ವಾಟ ಕೊಟ್ಟರೆ ಗೋಡೆ ನೆಲಕ್ಕೆ ಲಂಬವಾಗಿ ಉಳಿಯುವುದಿಲ್ಲವೆಂದು ಮಾಲೀಕರು. ಆ -1ರ ಕಾರಣವನ್ನು ಬರೆಯೋಣವೆಂದು ಕುಳಿತರೆ ಇಬ್ಬರೂ ಗೇಟಿನ ಬಳಿ ನಿಂತು ನನ್ನನ್ನು ಪಂಚಾಯಿತಿಗೆ ಕರೆಯುತ್ತಿದ್ದಾರೆ.