ತಲೆಗೆ ತಲೆ ಕೊಡುವ ಗೆಳೆತನ

ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಬೈತಲೆಯ ಮೇಲೆ ಒಂದು ಎಳ್ಳು ಕಂಡಿತು. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತಷ್ಟೆ. ಎಳ್ಳು-ಬೆಲ್ಲದ ಡಬ್ಬಿಗೆ ಕೈ ಹಾಕಿ ಹಾಗೇ ತಲೆ ಸವರಿಕೊಂಡಿರಬೇಕು ಅಂದುಕೊಂಡೆ. ಎಳ್ಳು ನಡೆಯತೊಡಗಿತು.

ನಾನು ಕಿರುಚಿದ್ದಕ್ಕೆ ಅತ್ತೆ ಸೌಟು ಹಿಡಿದೇ ಓಡಿ ಬಂದರು. "ಹೇನಾ? ನಾನೇನೋ ಹಾವು ಅಂದ್ಕೊಂಡೆ" ಎಂದು ಒಳಗೆ ಹೋದರು.

ನನಗೋ ಅವಮಾನ. ವಾರಕ್ಕೆ ಎರಡು ಸಲ ತಲೆಸ್ನಾನ ಮಾಡಿಸುವ ಮನೆ ನಮ್ಮದು! ಆದರೆ ಹೇನಿಗೆ ಕೊಳಕು ತಲೆಯೂ ಒಂದೇ, ಶಾಂಪೂ ತಲೆಯೂ ಒಂದೇ. ಬೆಚ್ಚಗಿನ ನೆತ್ತಿ, ಚೂರು ರಕ್ತ ಸಿಕ್ಕರೆ ಸಾಕು. ಹಾರೋಕೆ ರೆಕ್ಕೆಯಿಲ್ಲ, ಚಿಗಟದ ಹಾಗೆ ನೆಗೆಯೋಕೂ ಬರಲ್ಲ. ತಲೆಗೆ ತಲೆ ತಾಗಿದಾಗ ಕೂದಲು ಹಿಡಿದು ಆಚೆ ದಾಟುವುದಷ್ಟೇ ಗೊತ್ತು. ಅಂದರೆ ಯಾರೋ ತಲೆ ತಾಗಿಸಿದ್ದಾರೆ. ಯಾರು?

ಯುಕೆಜಿ ಮಗಳ ವಿಚಾರಣೆ ಶುರುವಾಯಿತು.

"ಯಾರಿಗೆ ತಲೆ ತಾಗಿಸ್ತೀಯ ಪುಟ್ಟಿ?"

"ಎಲ್ರಿಗೂ."

ಗುಟ್ಟು ಹೇಳುವಾಗ, ಒಂದೇ ಪುಸ್ತಕಕ್ಕೆ ಬಣ್ಣ ಹಚ್ಚುವಾಗ, ವ್ಯಾನಿನಲ್ಲಿ ತೂಕಡಿಸುವಾಗ. ಸತ್ತ ಜಿರಳೆ ನೋಡೋಕೆ ಇಡೀ ಕ್ಲಾಸೇ ತಲೆ ಕೂಡಿಸಿತ್ತಂತೆ. ಇದರ ಮೇಲೆ ಡಿಕ್ಕಿ ಬೇರೆ. ಒಂದೇ ಸಲ ಡಿಕ್ಕಿ ಹೊಡೆದರೆ ಕೊಂಬು ಬರುತ್ತಲ್ಲ, ಹಾಗಾಗಿ ಎರಡನೇ ಸಲವೂ ಹೊಡೆಯಲೇಬೇಕು. ಮೊದಲ ಸಲ ಬಸ್ಸು ತಪ್ಪಿದ ಹೇನಿಗೆ ಎರಡನೇ ಬಸ್ಸು!

ವ್ಯಾನಿನಲ್ಲಿ ಪಕ್ಕ ಕೂರುವ ಎರಡು ಜಡೆಯ ಹುಡುಗಿಯ ಮೇಲೆ ನನ್ನ ಅನುಮಾನ ನಿಂತಿತು. ಅಮ್ಮಂದಿರ ವಾಟ್ಸಾಪ್ ಗುಂಪಿಗೆ "ಕೆಲವು ಮಕ್ಕಳ ತಲೆಯಲ್ಲಿ..." ಎಂದು ಟೈಪ್ ಮಾಡಿಟ್ಟುಕೊಂಡೇ ಡಾಕ್ಟರ ಹತ್ತಿರ ಹೋದೆ.

"ಮೊದಲ ಸಲ ಹೇನಾದ್ರೆ ತುರಿಕೆ ಶುರುವಾಗೋಕೇ 4ರಿಂದ 6 ವಾರ ಬೇಕಾಗಬಹುದು" ಎಂದರು ಡಾಕ್ಟರು. "ತಿಂಗಳ ಹಿಂದೆ ಎಲ್ಲಿದ್ರಿ?"

ತಿಂಗಳ ಹಿಂದೆ ಕ್ರಿಸ್‌ಮಸ್ ರಜೆ. ನನ್ನ ತವರಿನಲ್ಲಿದ್ದೆವು. ಒಂದೇ ಜಮಖಾನದ ಮೇಲೆ ಅಣ್ಣನ ಮಕ್ಕಳ ಜೊತೆ ಐದು ತಲೆ ಸಾಲಾಗಿ ಮಲಗಿದ್ದವು. ಎಷ್ಟು ಚೆನ್ನಾಗಿದೆ ಅಂತ ನಾನೇ ಫೋಟೋ ತೆಗೆದಿದ್ದೆ.

ಟೈಪ್ ಮಾಡಿದ್ದನ್ನು ಅಳಿಸಿದೆ. ಮನೆಯಲ್ಲಿ ವಿಷಯ ಕೇಳಿದ ಅತ್ತೆ ಏನೂ ಅನ್ನಲಿಲ್ಲ. ಅಡುಗೆಮನೆಯಲ್ಲಿ ಸೌಟಿನ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಫ್ಯಾನ್ಸಿ ಸ್ಟೋರಿನವರು ಸೀರಣಿಗೆಯನ್ನು ಪೇಪರಿನಲ್ಲಿ ಸುತ್ತಿ, ಯಾರೂ ನೋಡದ ಹಾಗೆ ಕೈಗಿಟ್ಟರು. ಔಷಧಿ ಒಮ್ಮೆ ಹಚ್ಚಿದರೆ ಮುಗಿಯಲಿಲ್ಲ. ಕೂದಲ ಬುಡಕ್ಕೆ ಗೋಂದು ಹಾಕಿದಂತೆ ಅಂಟಿದ ಸೀರು ಒಂದು ವಾರದಲ್ಲಿ ಮರಿಯಾಗುತ್ತದೆ. ಅದಕ್ಕೇ ಒಂಬತ್ತನೇ ದಿನ ಮತ್ತೆ ಹಚ್ಚಬೇಕು. "ಸುಮ್ನೆ ಬೋಳಿಸಿಬಿಡಿ" ಎಂದ ಮಾವನವರಿಗೆ, "ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?" ಎಂದು ಅತ್ತೆಯೇ ಜೋರು ಮಾಡಿದರು.

ಆ ರಾತ್ರಿ ಮಗಳು ಎಂದಿನಂತೆ ನನ್ನ ತಲೆಗೆ ತಲೆ ಆನಿಸಿ ಕಥೆ ಕೇಳಿ ಮಲಗಿದಳು. ನನ್ನ ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು.

ಬೆಳಗ್ಗೆ ಮೆಟ್ಟಿಲ ಮೇಲೆ ಮಗಳು, ಅವಳ ಹಿಂದೆ ನಾನು, ನನ್ನ ಹಿಂದೆ ಸೀರಣಿಗೆ ಹಿಡಿದ ಅತ್ತೆ. ಸ್ವಲ್ಪ ಹೊತ್ತಿಗೆ ಅತ್ತೆಯ ಉಗುರುಗಳ ನಡುವೆ 'ಟಕ್' ಎಂದಿತು.

"ಇದೂ ನಿಮ್ಮೂರದೇ" ಎಂದರು.