ಹೊಸ ಆವೃತ್ತಿ ಕೊಡಿ, ಆದರೆ ಕೈಗೆ ಬಂದ ಕೆಲಸ ಕಿತ್ತುಕೊಳ್ಳಬೇಡಿ

ವರ್ಡ್‌ಪರ್ಫೆಕ್ಟ್ ಅಂದರೆ ಕಂಪ್ಯೂಟರಿನಲ್ಲಿ ಪತ್ರ, ಲೇಖನ ಬರೆಯುವ ಪ್ರೋಗ್ರಾಮ್. ವಿಂಡೋಸ್‌ಗಿಂತ ಹಳೆಯ ವ್ಯವಸ್ಥೆಯಾದ ಡಾಸ್‌ಗೆ ಅದರ 5.1 ಆವೃತ್ತಿ ಬಂದದ್ದು 1989ರಲ್ಲಿ. ಅದರ ವಿಂಡೋಸ್ ಆವೃತ್ತಿ 1991ರಲ್ಲಿ ಬಂತು. ಹಳೆಯದನ್ನು ಬಿಡಲು ಹಿಂಜರಿದವರನ್ನು ಸೋಮಾರಿಗಳು ಅಂತ ಈಗಲೂ ಕರೆಯುವವರಿದ್ದಾರೆ. ನಾನಿದನ್ನು ಒಪ್ಪುವುದಿಲ್ಲ.

ಡಾಸ್‌ನಲ್ಲಿ ಕೆಲಸವೆಲ್ಲ ಬೆರಳಲ್ಲೇ ಇರುತ್ತಿತ್ತು. ಎಫ್6 ಒತ್ತಿದರೆ ಬೋಲ್ಡ್, ಎಫ್8ಕ್ಕೆ ಅಂಡರ್‌ಲೈನ್, ಎಫ್10ಕ್ಕೆ ಸೇವ್. ತಪ್ಪಾದರೆ ಎಫ್1, ಕೊಟ್ಟ ಆಜ್ಞೆ ರದ್ದು. ವಿಂಡೋಸ್‌ನಲ್ಲಿ ಅದೇ ಎಫ್1 ಒತ್ತಿದರೆ ಹೆಲ್ಪ್ ತೆರೆದುಕೊಳ್ಳುತ್ತದೆ. ಅಭ್ಯಾಸವಾದ ಕೈ ದಿನವಿಡೀ ಎಡವುತ್ತದೆ. ಡಾಸ್ ಕೀಬೋರ್ಡನ್ನೇ ಆರಿಸಿಕೊಳ್ಳುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿತ್ತು, ನಿಜ. ಆದರೆ ಅದು ಗೊತ್ತಿದ್ದವರಿಗೆ ಮಾತ್ರ ಉಪಯೋಗ, ಅಲ್ವಾ?

ವರ್ಡ್‌ಪರ್ಫೆಕ್ಟ್ ಮಾಡಿದವರು ವಿಂಡೋಸ್‌ನಲ್ಲಿ ಸರಿಯಾಗಿ ಮಾಡಿದ ಕೆಲಸ ಅಂದರೆ ರಿವೀಲ್ ಕೋಡ್ಸ್ ಅನ್ನು ಉಳಿಸಿಕೊಂಡದ್ದು. ಆಲ್ಟ್ ಎಫ್3 ಒತ್ತಿದರೆ ಪರದೆ ಎರಡು ಭಾಗವಾಗುತ್ತದೆ. ಮೇಲೆ ಬರಹ, ಕೆಳಗೆ ಅದೇ ಬರಹ ಗುರುತುಗಳ ಸಮೇತ. ಬೋಲ್ಡ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಟ್ಯಾಬ್ ಎಲ್ಲಿದೆ, ಎಂಟರ್ ಒತ್ತಿದ್ದು ಎಲ್ಲಿ, ಸಾಲು ತಾನಾಗಿ ಮುರಿದದ್ದು ಎಲ್ಲಿ, ಎಲ್ಲವೂ ಕಣ್ಣೆದುರಿಗೆ. ಪ್ಯಾರಾ ಯಾಕೆ ಸೊಟ್ಟಗಿದೆ ಅಂತ ಊಹಿಸುತ್ತಾ ಕೂರಬೇಕಿಲ್ಲ. ಆ ಗುರುತನ್ನು ಹುಡುಕಿ ಅಳಿಸಿದರೆ ಆಯಿತು. ಬರೆಯುವವರನ್ನು ನಂಬಿ ಒಳಗಿರುವುದನ್ನೆಲ್ಲ ತೋರಿಸುವ ಇಂಥ ಸೌಲಭ್ಯ ನನಗೆ ತುಂಬಾ ಇಷ್ಟ.

ಮ್ಯಾಕ್ರೋಗಳ, ಅಂದರೆ ಪದೇ ಪದೇ ಮಾಡುವ ಕೆಲಸವನ್ನು ಒಮ್ಮೆ ದಾಖಲಿಸಿಟ್ಟು ಮತ್ತೆ ಮತ್ತೆ ಓಡಿಸುವ ಸೌಲಭ್ಯದ, ವಿಷಯದಲ್ಲಿ ಮಾತ್ರ ಅನ್ಯಾಯವಾಯಿತು. ಡಾಸ್ ಮ್ಯಾಕ್ರೋ ನಾವು ಒತ್ತಿದ ಕೀಗಳನ್ನೇ ದಾಖಲಿಸುತ್ತಿತ್ತು. ವಿಂಡೋಸ್‌ನದ್ದು ಆಜ್ಞೆಗಳನ್ನು ದಾಖಲಿಸುತ್ತದೆ. ಹಾಗಾಗಿ ಹಳೆಯವು ಇದ್ದ ಹಾಗೇ ಓಡಲಿಲ್ಲ. ವರ್ಷಗಟ್ಟಲೆ ಕಟ್ಟಿಕೊಂಡ ಪತ್ರದ ನಮೂನೆ, ವಿಳಾಸ ಜೋಡಿಸುವ ಕೆಲಸ, ಇಂಥ ಎಷ್ಟೋ ಮ್ಯಾಕ್ರೋಗಳನ್ನು ಮತ್ತೆ ಸರಿಪಡಿಸಬೇಕಾಯಿತು. ಅದು ಬಳಕೆದಾರರ ದುಡಿಮೆ. ಸುಮ್ನೆ ಬಿಟ್ಟುಬಿಡಿ ಅನ್ನಲು ಯಾರಿಗೂ ಹಕ್ಕಿಲ್ಲ.

ಲಾಭವೂ ಇತ್ತು. ಡಾಸ್‌ನಲ್ಲಿ ಒಂದೊಂದು ಪ್ರೋಗ್ರಾಮಿಗೂ ಬೇರೆ ಪ್ರಿಂಟರ್ ಡ್ರೈವರ್ (ಪ್ರಿಂಟರನ್ನು ನಡೆಸುವ ಸಣ್ಣ ತಂತ್ರಾಂಶ) ಬೇಕಿತ್ತು, ವಿಂಡೋಸ್‌ನಲ್ಲಿ ಎಲ್ಲಕ್ಕೂ ಒಂದೇ ಸಾಕು. 1992ರಲ್ಲಿ ವಿಂಡೋಸ್ 3.1ರ ಜೊತೆ ಟ್ರೂಟೈಪ್ ಅನ್ನುವ ಫಾಂಟ್ ವ್ಯವಸ್ಥೆ ಬಂದ ಮೇಲೆ ಪರದೆಯಲ್ಲಿ ಕಂಡ ಅಕ್ಷರವೇ ಕಾಗದದ ಮೇಲೂ ಮೂಡಿತು. ಆದರೆ ಫಾಂಟ್ ಬದಲಾದರೆ ಅಕ್ಷರದ ಅಗಲವೂ ಬದಲಾಗುತ್ತದೆ. ಸಾಲು ಬೇರೆ ಕಡೆ ಮುರಿಯುತ್ತದೆ, ಪುಟಗಳು ಸರಿಯುತ್ತವೆ. ಹಳೇ ಫೈಲುಗಳನ್ನು ಇನ್ನೂ ಇಟ್ಟುಕೊಂಡಿರುವವರು ಮೊದಲು ಒಂದು ಪ್ರತಿ ಮಾಡಿ, ಆ ಪ್ರತಿಯನ್ನೇ ತೆರೆಯಿರಿ. ಇಂಥ ಪುಟ ನೋಡಿ ಅಂತ ಪುಟಸಂಖ್ಯೆ ಕೊಟ್ಟಿರುವ ಜಾಗಗಳನ್ನು ಒಂದೊಂದಾಗಿ ನೋಡಿ. ಅಲ್ಲೇ ಜಾಸ್ತಿ ತಪ್ಪು ಸಿಗುವುದು.