ಐವತ್ತರ ನೋಟಿನ ಹಂಪಿ

ಮಡಿಕೇರಿಯಲ್ಲಿ ವಾಸವಾಗಿರುವವರು ತಾವೂ ಪ್ರವಾಸ ಹೋಗಬೇಕೆಂದು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಬುದ್ಧಿ ಹೇಳುತ್ತಾರೆ. ಊರೂರಿನವರು ಹಣ ಕೊಟ್ಟು ನೋಡಲು ಬರುವ ಮಂಜು ನಮ್ಮ ಬಚ್ಚಲುಮನೆಯ ಕಿಟಕಿಯಿಂದ ಪುಕ್ಕಟೆಯಾಗಿ ಒಳಗೆ ಬರುತ್ತಿರುವಾಗ, ನಾವು ಇನ್ನೊಂದು ಊರಿಗೆ ಹೋಗಿ ಹಣ ಸುರಿಯುವುದು ಅವರ ಕಣ್ಣಿಗೆ ಕೊಬ್ಬಿನ ಲಕ್ಷಣವಾಗಿ ಕಾಣುತ್ತದೆ. ಅದೇ ಮಂಜಿನ ದೆಸೆಯಿಂದ ಆಷಾಢದಲ್ಲಿ ಒಗೆದ ಬಟ್ಟೆ ಶ್ರಾವಣ ಬಂದರೂ ಒಣಗುವುದಿಲ್ಲವೆಂಬ ಸಂಗತಿ ಪ್ರವಾಸಿಗರ ಫೋಟೋಗಳಲ್ಲಿ ಕಾಣಿಸದ ಕಾರಣ ಈ ವಾದದಲ್ಲಿ ನಾವು ಇದುವರೆಗೆ ಗೆದ್ದಿಲ್ಲ.

ನಮ್ಮವರು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದಾರೆ. ಕೆಲಸದವರ ಹಾಜರಿ, ಗೊಬ್ಬರದ ದಾಸ್ತಾನು, ಕೊಯ್ದ ಹಣ್ಣಿನ ತೂಕ ಎಲ್ಲವೂ ಅವರ ಪುಸ್ತಕದಲ್ಲಿರುತ್ತವೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಅದರ ಬೆನ್ನಿಗೆ ಹೂಮಳೆಗೆ ಕಾಯುವ ಇಲ್ಲವೇ ಸ್ಪ್ರಿಂಕ್ಲರ್ ಹಾಕಿ ಹೂವು ಬರಿಸುವ ಗಡಿಬಿಡಿ, ಜೂನ್‌ನಿಂದ ಮಳೆ ಮತ್ತು ಬರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿತ ಎಂದು ವರ್ಷ ಹಂಚಿಹೋಗುವುದರಿಂದ ಅವರಿಗೆ ರಜೆ ಸಿಗುವುದು ಹೆಚ್ಚೆಂದರೆ ಏಪ್ರಿಲ್‌ನಲ್ಲಿ. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ನನಗೂ ಏಪ್ರಿಲ್‌ನಲ್ಲಿ ರಜೆಯಿದೆ, ಆದರೆ ಬೇಸಿಗೆ ರಜೆಯ ತಿಂಗಳುಗಳಿಗೆ ಸಂಬಳ ಕೊಡುವ ಸಂಪ್ರದಾಯ ನಮ್ಮ ಆಡಳಿತ ಮಂಡಳಿಯಲ್ಲಿ ಇಲ್ಲ. ಹೀಗಾಗಿ ಸಂಬಳವಿದ್ದಾಗ ರಜೆಯಿಲ್ಲ, ರಜೆಯಿದ್ದಾಗ ಸಂಬಳವಿಲ್ಲ. ಇಂತಹ ಮನೆಯಲ್ಲಿ “ಏನಾದರೂ ಉಳಿದರೆ ಹೋಗೋಣ” ಎಂದು ಹೇಳುವುದು, ಹೋಗುವುದು ಬೇಡ ಎಂಬುದನ್ನು ಮರ್ಯಾದೆಯಿಂದ ಹೇಳುವ ರೀತಿಯಷ್ಟೇ. ಉಳಿಯುವುದಿಲ್ಲ. ಮದುವೆಯ ಮುಯ್ಯಿ, ಸೋರುವ ಹೆಂಚು, ಅತ್ತೆಯ ಮಂಡಿನೋವಿನ ಔಷಧಿ ಇವೆಲ್ಲ ತಮ್ಮ ತಮ್ಮ ಪಾಲನ್ನು ಕೇಳಿ ಪಡೆಯುತ್ತವೆ. ಪ್ರವಾಸ ಮಾತ್ರ ಬಾಯಿಲ್ಲದ ಪ್ರಾಣಿ. ಆದ್ದರಿಂದ ಅದರ ಪಾಲನ್ನು ಎಲ್ಲರಿಗಿಂತ ಮೊದಲು, ಯಾರಿಗೂ ತಿಳಿಯದಂತೆ ತೆಗೆದಿಡಬೇಕೆಂದು ನಾನು ಹಟ ಹಿಡಿದೆ.

ಯಾರಿಗೂ ತಿಳಿಯದಂತೆ ಎಂದು ಒತ್ತಿ ಹೇಳಲು ಕಾರಣವಿದೆ. ಸೀಮಿತ ಆದಾಯದಲ್ಲಿ ಪ್ರವಾಸ ಮಾಡುವ ವಿದ್ಯೆಯನ್ನು ಪೂರ್ತಿ ಕರಗತ ಮಾಡಿಕೊಂಡವರು ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು. ಆ ಸೀಮಿತ ಆದಾಯ ನಮ್ಮದು ಎನ್ನುವುದಷ್ಟೇ ವಿಶೇಷ. ಶುಕ್ರವಾರಕ್ಕೋ ಸೋಮವಾರಕ್ಕೋ ಸರಕಾರಿ ರಜೆ ಬಿದ್ದು ವಾರಾಂತ್ಯ ಉದ್ದವಾಯಿತೆಂದರೆ ನಮ್ಮವರ ಚಿಕ್ಕಪ್ಪನ ಮಗ ಹೆಂಡತಿ ಮಕ್ಕಳೊಂದಿಗೆ, ಕೆಲವೊಮ್ಮೆ ಹೆಂಡತಿಯ ಅಕ್ಕನ ಮಕ್ಕಳೊಂದಿಗೂ, ಕಾಲು ಕಿಲೋ ಮೈಸೂರು ಪಾಕು ಹಿಡಿದು ಬಂದಿಳಿಯುತ್ತಾನೆ. “ಹೋಮ್‌ಸ್ಟೇಯವರಿಗೆ ಸುಮ್ಮನೆ ಯಾಕೆ ಕೊಡಬೇಕು ಅತ್ತಿಗೆ, ನೀವಿಲ್ಲವೇ?” ಎಂದು ಅವನು ಕೇಳುವಾಗ ಅದರಲ್ಲಿ ನಿಜವಾದ ಪ್ರೀತಿಯೇ ಇರುವುದರಿಂದ ಉತ್ತರ ಕೊಡುವುದು ಕಷ್ಟ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಕಡಂಬುಟ್ಟು ಮತ್ತು ಕೋಳಿ, ಸಂಜೆ ರಾಜಾಸೀಟ್. ಮರುದಿನ ಅಬ್ಬಿ ಜಲಪಾತ, ಅಲ್ಲಿಂದ ಮಾಂದಲ್‌ಪಟ್ಟಿ. ಮಾಂದಲ್‌ಪಟ್ಟಿಯ ಏರಿಗೆ ಜೀಪು ಮಾಡಬೇಕು, ಜೀಪಿನ ಬಾಡಿಗೆಯನ್ನು ಫೋನಿನಲ್ಲಿ ಕಳುಹಿಸಲು ಅವನು ಧಾರಾಳವಾಗಿ ಮುಂದಾಗುತ್ತಾನೆ, ಆದರೆ ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನಗದು ಕೊಡುವವರು ನಮ್ಮವರು. ಇಳಿದು ಬರುವಾಗ ಅವನ ಫೋನಿಗೆ ನೆಟ್‌ವರ್ಕ್ ಮರಳುತ್ತದೆ, ನೆನಪು ಮರಳುವುದಿಲ್ಲ. ಇಷ್ಟಾಗಿ ಬೆಟ್ಟದ ತುದಿಯಲ್ಲಿ ಕಂಡದ್ದೇನೆಂದರೆ, ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಕಾಣುವ ಅದೇ ಬಿಳಿ. ಹೊರಡುವ ದಿನ ಕಾಳುಮೆಣಸು, ಜೇನು, ಕಾಫಿಪುಡಿಗಳನ್ನು “ಊರಿನವರಿಗೆ ಸಿಗುವ ಬೆಲೆಗೆ” ಕೊಡಿಸುವ ಹೊಣೆಯೂ ನಮ್ಮದೇ. ಆ ಬೆಲೆ ಎಷ್ಟೆಂದು ಅವನು ಈವರೆಗೆ ಕೇಳಿ ತಿಳಿದುಕೊಂಡಂತಿಲ್ಲ.

ಇದರ ನಡುವೆ ನಿಧಿ ಕೂಡಿಸುವ ಉಪಾಯವನ್ನು ಹುಡುಕಿಕೊಟ್ಟವಳು ಆಗ ಹನ್ನೆರಡು ವರ್ಷದವಳಾಗಿದ್ದ ಮಗಳು. ನೋಟುಗಳ ಬೆನ್ನನ್ನು ತಿರುಗಿಸಿ ನೋಡಿರೆಂದು ಅವಳು ಹೇಳಿದಾಗಲೇ ನಮಗೆ ತಿಳಿದದ್ದು, ನಮ್ಮ ಬಡ ಪರ್ಸಿನಲ್ಲಿ ಭಾರತ ದರ್ಶನವೇ ಅಡಗಿದೆಯೆಂದು. ಹತ್ತರ ಹೊಸ ನೋಟಿನಲ್ಲಿ ಕೋನಾರ್ಕದ ಸೂರ್ಯ ದೇವಾಲಯ, ಇಪ್ಪತ್ತರಲ್ಲಿ ಎಲ್ಲೋರದ ಗುಹೆ, 2017ರಲ್ಲಿ ಬಂದ ನೀಲಿ ಐವತ್ತರಲ್ಲಿ ಹಂಪಿಯ ಕಲ್ಲಿನ ರಥ, ನೂರರಲ್ಲಿ ಗುಜರಾತಿನ ರಾಣಿ ಕಿ ವಾವ್, ಇನ್ನೂರರಲ್ಲಿ ಸಾಂಚಿಯ ಸ್ತೂಪ, ಐನೂರರಲ್ಲಿ ಕೆಂಪುಕೋಟೆ. ಐನೂರು ನಮ್ಮ ಮನೆಯಲ್ಲಿ ರಾತ್ರಿ ತಂಗುವುದು ಅಪರೂಪವಾದ್ದರಿಂದ ದೆಹಲಿಯ ಆಸೆಯನ್ನು ಬಿಟ್ಟು, ಮನೆಗೆ ಬರುವ ಪ್ರತಿಯೊಂದು ಐವತ್ತರ ನೋಟನ್ನೂ ಹಂಪಿಗಾಗಿ ಡಬ್ಬಿಗೆ ಹಾಕುವುದೆಂದು ನಿಶ್ಚಯಿಸಿದೆವು. ನಾನು ಶುಕ್ರವಾರದ ಸಂತೆಯಲ್ಲಿ ತರಕಾರಿಯವನ ಹತ್ತಿರ ಚಿಲ್ಲರೆಯನ್ನು ಐವತ್ತರಲ್ಲಿಯೇ ಕೊಡಬೇಕೆಂದು ಕೇಳತೊಡಗಿದೆ. ಬೀಡಾ ಅಂಗಡಿಯಲ್ಲಿ ನಮ್ಮವರು ಎರಡು ಇಪ್ಪತ್ತು, ಒಂದು ಹತ್ತು ಕೊಡಿ ಎಂದು ಕೇಳುತ್ತಿದ್ದರೆಂಬುದು ಬಹಳ ಕಾಲದ ಮೇಲೆ ಬೆಳಕಿಗೆ ಬಂತು. ಅತ್ತೆಯವರ ಆಕ್ಷೇಪ ಮಾತ್ರ ಮೂಲಕ್ಕೇ ತಾಗುವಂಥದ್ದು: “ರಥ ನೋಟಿನಲ್ಲಿಯೇ ಕಾಣುತ್ತದಲ್ಲ, ಮತ್ತೆ ಅಷ್ಟು ದೂರ ಹೋಗುವುದು ಯಾಕೆ?”

ಆದರೂ ಡಬ್ಬಿಯನ್ನು ಕಾಯುವ ಕೆಲಸವನ್ನು ಅವರೇ ವಹಿಸಿಕೊಂಡು, ಕಳ್ಳರ ಕಣ್ಣಿಗೆ ಬೀಳದ ಜಾಗವೆಂದು ಹಿಂಬದಿಯ ಕೋಣೆಯ ಅಟ್ಟದಲ್ಲಿ ಇಟ್ಟರು. ಕಳ್ಳರು ಬರಲಿಲ್ಲ, ಮಳೆಗಾಲ ಬಂತು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಮೇಲಿನ ಪೂರ್ವಿಕರ ಫೋಟೋಗಳಿಗೆ ಬೂಷ್ಟು ಹಿಡಿಯುವುದು ವಾಡಿಕೆ. ಆಗಸ್ಟ್‌ನಲ್ಲಿ ಡಬ್ಬಿ ತೆರೆದಾಗ ನೋಟುಗಳೆಲ್ಲ ಒದ್ದೆ ಹಪ್ಪಳದ ಕಟ್ಟಿನಂತೆ ಒಂದಕ್ಕೊಂದು ಅಂಟಿಕೊಂಡು, ನೀಲಿಯ ಮೇಲೆ ಹಸಿರು ಹತ್ತಿ ಕುಳಿತಿದ್ದವು. ಒಂದೊಂದಾಗಿ ಬಿಡಿಸಿ, ಕೆಂಡದ ಅಗ್ಗಿಷ್ಟಿಕೆಯ ಮೇಲೆ ಕವುಚಿದ ಬಿದಿರಿನ ಬುಟ್ಟಿಯಲ್ಲಿ, ಮಗಳ ಶಾಲೆಯ ಕಾಲುಚೀಲಗಳ ಪಕ್ಕದಲ್ಲಿ ಒಣಗಿಸಿದೆವು. ಕೊಳಕಾದ ನೋಟುಗಳನ್ನು ಬ್ಯಾಂಕುಗಳು ಬದಲಿಸಿಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ನಮ್ಮವರು ಬಾಯಿಪಾಠ ಮಾಡಿಕೊಂಡು ನನ್ನನ್ನು ಕೌಂಟರಿಗೆ ಕಳುಹಿಸಿದರು. ಕ್ಯಾಶಿಯರ್ ಮರುಮಾತಾಡದೆ ಬದಲಿಸಿಕೊಟ್ಟರು. ಎಣಿಸಿ ಮುಗಿಸಿದ ಮೇಲೆ ಮಾತ್ರ ಬೆರಳುಗಳನ್ನು ಮೂಗಿನ ಹತ್ತಿರ ತಂದು, “ಮೇಡಂ, ಇದರ ಜೊತೆಯಲ್ಲಿ ಒಣಮೀನನ್ನೂ ಇಟ್ಟಿದ್ದಿರಾ?” ಎಂದು ವಿಚಾರಿಸಿದರು. ಅದೇ ಅಟ್ಟದಲ್ಲಿ ಇತ್ತು, ನಿಜ.

ಆ ಕೌಂಟರಿನ ಮುಂದೆಯೇ ನಾನು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಯ, ಖಾತೆ ತೆರೆಯುವ ನಿರ್ಧಾರಕ್ಕೆ ಬಂದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು; ಅಷ್ಟರಲ್ಲಿ ಮಗಳು ಕಾಲೇಜು ಸೇರಿ ನಮ್ಮೊಂದಿಗೆ ಬರಲು ನಾಚಿಕೊಳ್ಳುವ ವಯಸ್ಸಿಗೆ ಬಂದಿರುತ್ತಾಳೆಂದು ಬ್ಯಾಂಕಿನಲ್ಲಿ ಹನ್ನೆರಡು ತಿಂಗಳಿನದನ್ನು ಆರಿಸಿಕೊಂಡೆ. ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ, ಶೇಕಡಾ ಆರೂವರೆ ಬಡ್ಡಿಯ ಲೆಕ್ಕದಲ್ಲಿ, ವರ್ಷದ ಕೊನೆಗೆ 12,000ದ ಮೇಲೆ ನಾನ್ನೂರು ಚಿಲ್ಲರೆ ಸೇರುತ್ತದೆ. ಆ ನಾನ್ನೂರಕ್ಕಾಗಿ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಸಂಬಳ ಬಿದ್ದ ಮರುದಿನವೇ ಹಣ ತಾನಾಗಿ ಕಡಿತವಾಗಿ ಹೋಗುವುದರಿಂದ, ಯಾರಾದರೂ ಕೈಸಾಲ ಕೇಳಿದಾಗ ಖಾತೆಯಲ್ಲಿ ಇಲ್ಲವೆಂದು ಸತ್ಯವನ್ನೇ ಹೇಳಿ ಪಾರಾಗಬಹುದು. ಒಂದೆರಡು ಸಲ ಫೋನನ್ನು ತೆರೆದು ತೋರಿಸಿದ್ದೂ ಉಂಟು.

ಮರುವರ್ಷದ ಮಳೆಗಾಲದಲ್ಲಿ ಆರ್‌ಡಿ ಮುಗಿದು ಹಣ ಕೈಸೇರಿತು, ಇಬ್ಬರಿಗೂ ರಜೆ ಸಿಕ್ಕಿದ್ದು ಅದರ ಮುಂದಿನ ಏಪ್ರಿಲ್‌ಗೆ. ಏಪ್ರಿಲ್‌ನಲ್ಲಿ ಹಂಪಿಗೆ ಹೋಗುತ್ತೇವೆಂದಾಗ ಸಹೋದ್ಯೋಗಿಗಳು ನನ್ನನ್ನು ಮರುಕದಿಂದ ನೋಡಿದರು. ಹೊಸಪೇಟೆಯಲ್ಲಿ ಆಗ ನಲವತ್ತು ಡಿಗ್ರಿಯ ಬಿಸಿಲು. ಆದರೆ ಉಳ್ಳವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ ಬಂದುಬಿಡುವುದರಿಂದ ಬಿಸಿಲುಗಾಲದಲ್ಲಿ ಕೋಣೆಯ ಬಾಡಿಗೆ ಇಳಿದಿರುತ್ತದೆ. ನಮ್ಮ ಆದಾಯದವರಿಗೆ ಋತುಗಳೆಲ್ಲ ಈ ಲೆಕ್ಕದಲ್ಲಿಯೇ ಒದಗಿಬರುವುದು. ಅತ್ತೆಯವರು ಸ್ವೆಟರ್, ಉಣ್ಣೆಯ ಶಾಲು ಮತ್ತು ಮಳೆಗಾಲದ ದೊಡ್ಡ ಕಪ್ಪು ಕೊಡೆಯನ್ನು ಕಟ್ಟಿಕೊಂಡರು. ಎಷ್ಟು ಹೇಳಿದರೂ ಕೇಳಲಿಲ್ಲ.

ಇನ್ನು ಹೋಗುವ ದಾರಿ. ಕೊಡಗು ಜಿಲ್ಲೆಯೊಳಗೆ ಒಂದು ರೈಲು ನಿಲ್ದಾಣವೂ ಇಲ್ಲ. ರೈಲಿನ ಮುಖ ನೋಡಬೇಕಾದರೆ ಮೊದಲು ಮೈಸೂರಿಗೋ ಹಾಸನಕ್ಕೋ ಮಂಗಳೂರಿಗೋ ಬಸ್ಸಿನಲ್ಲಿ ಇಳಿಯಬೇಕು. ಇತ್ತ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಕೂಡಿಸಿ ಕಳೆದು ನೋಡಿದರೆ ನಮ್ಮ ಕುಟುಂಬದ ಪ್ರಯಾಣದ ವೆಚ್ಚವೆಂದರೆ ನಮ್ಮವರು ಒಬ್ಬರೇ. ಅವರನ್ನು ಬಿಟ್ಟು ಹೋದರೆ ಆಗುವ ಉಳಿತಾಯವನ್ನು ಮಗಳು ಕಾಗದದ ಮೇಲೆ ಬರೆದು ತೋರಿಸಿದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಗಂಭೀರವಾದ ಮೌನ ನೆಲೆಸಿತ್ತು. ಲಗೇಜು ಹೊರುವವರು ಬೇಕೆಂಬ ಅಂಶ ಕೊನೆಗೆ ಅವರ ಪರವಾಗಿ ನಿಂತಿತು. ಹಾಸನ, ಚಿತ್ರದುರ್ಗಗಳಲ್ಲಿ ಬಸ್ಸು ಬದಲಿಸುತ್ತಾ ಹೋದೆವು. ಪ್ರತಿ ಬಸ್ಸಿನಲ್ಲಿಯೂ ನಾವು ಮೂವರು ಆಧಾರ್ ತೋರಿಸಿ ಶೂನ್ಯ ದರದ ಚೀಟಿ ಪಡೆಯುವುದನ್ನೂ ತಮ್ಮ ಕೈಯಿಂದ ನೋಟುಗಳು ಹೋಗುವುದನ್ನೂ ನಮ್ಮವರು ಒಂದೇ ನೋಟದಲ್ಲಿ ನೋಡುತ್ತಿದ್ದರು.

ಹಂಪಿಯಲ್ಲಿ ವಿಜಯವಿಠಲ ದೇವಾಲಯದ ಪ್ರವೇಶಕ್ಕೆ ತಲೆಗೆ 40 ರೂಪಾಯಿ, ಹದಿನೈದು ತುಂಬದವರಿಗೆ ಉಚಿತ. ದೊಡ್ಡವರು ಮೂವರಿಗೆ ರಥದ ಚಿತ್ರವಿರುವ ಮೂರು ನೋಟು ಕೊಟ್ಟೆವು. ಒಂದು ಇಪ್ಪತ್ತು, ಒಂದು ಹತ್ತು ಹಿಂದಕ್ಕೆ ಬಂದವು. “ಮುಂದೆ ಎಲ್ಲೋರ, ಆಮೇಲೆ ಕೋನಾರ್ಕ” ಎಂದಳು ಮಗಳು. ಅತ್ತೆಯವರು ಗರುಡನ ಗುಡಿಯಾದ ಆ ರಥದ ಮುಂದೆ ಒಂದು ನೋಟನ್ನು ಹಿಡಿದು ಬಹಳ ಹೊತ್ತು ತಾಳೆ ನೋಡಿ, ಕೆಲಸ ಸರಿಯಾಗಿದೆಯೆಂದು ಒಪ್ಪಿದರು. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತು ಸಂಗ್ರಹಾಲಯಕ್ಕೂ ನಡೆಯುತ್ತದೆಂದು ಓದಿದ ನಮ್ಮವರು, ಕೊಟ್ಟ ಹಣವನ್ನು ಪೂರ್ತಿ ವಸೂಲು ಮಾಡುವ ಛಲದಿಂದ ನಡುಮಧ್ಯಾಹ್ನ ನಮ್ಮನ್ನು ಅಲ್ಲೆಲ್ಲ ಅಲೆದಾಡಿಸಿದರು. ಕಾದ ಬಂಡೆಗಳ ನಡುವೆ ನಾವೆಲ್ಲ ಬಾಡಿಹೋಗುತ್ತಿದ್ದರೆ ಅತ್ತೆಯವರು ಮಾತ್ರ ಒದ್ದೆ ಶಾಲನ್ನು ತಲೆಗೆ ಹೊದ್ದು, ಕೊಡೆ ಬಿಚ್ಚಿ, ಸ್ವೆಟರನ್ನು ಮಡಿಸಿ ಕಲ್ಲಿನ ಮೇಲೆ ಹಾಸಿ ಕುಳಿತಿದ್ದರು. ಕೊಡೆಯೊಳಗೆ ಜಾಗ ಕೇಳಿದ ಮಗನಿಗೆ, “ಬೇಡ ಬೇಡ ಎಂದವನು ನೀನೇ ಅಲ್ಲವೋ?” ಎಂದು ನೆನಪಿಸಿದರು.

ವಿರೂಪಾಕ್ಷ ದೇವಾಲಯದಲ್ಲಿ ಕಾಣಿಕೆ ಕೊಟ್ಟರೆ ಆನೆ ಸೊಂಡಿಲೆತ್ತಿ ಆಶೀರ್ವದಿಸುತ್ತದೆ. ಊರಿನಲ್ಲಿ ಆನೆಗಳು ನಮ್ಮ ಬಾಳೆಯನ್ನು ತಿಂದು ಕಾಫಿ ಗಿಡಗಳನ್ನು ತುಳಿದು ಹೋದರೂ ಆಶೀರ್ವಾದ ಸಿಕ್ಕಿದ್ದಿಲ್ಲವೆಂದು ಲೆಕ್ಕಹಾಕಿ ಅತ್ತೆಯವರು ಹತ್ತು ರೂಪಾಯಿ ಕೊಟ್ಟರು. ಹೀಗೆ ಕೋನಾರ್ಕ ಅಲ್ಲಿಯೇ ಖರ್ಚಾಯಿತು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಟಿಕೆಟ್ ಇಲ್ಲದ ಬಡವಿಲಿಂಗ. ಒಂದೇ ಕಲ್ಲಿನಲ್ಲಿ ಕಡೆದ, ಬುಡ ನೀರಿನಲ್ಲಿರುವ ಆ ದೊಡ್ಡ ಲಿಂಗವನ್ನು ಬಡ ಹೆಂಗಸೊಬ್ಬಳು ಮಾಡಿಸಿದಳೆಂಬ ಪ್ರತೀತಿಯನ್ನು ಕೇಳಿ, “ಎಲ್ಲಿ ಕೂಡಿಟ್ಟಿದ್ದಳೋ!” ಎಂದು ಮೆಚ್ಚಿಕೊಂಡರು.

ಬರುವಾಗ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಟಿಕೆಟ್ ಮಾಡಿಸಿದ್ದೆವು. ಎರಡು ಬರ್ತ್ ಖಾತ್ರಿಯಾಗಿ, ಉಳಿದ ಎರಡು ಟಿಕೆಟ್ ಆರ್‌ಎಸಿಯಲ್ಲಿ ನಿಂತವು. ಆರ್‌ಎಸಿ ಎಂದರೆ ಪೂರ್ತಿ ದರ ಕೊಟ್ಟ ಇಬ್ಬರು ಪಕ್ಕದ ಕೆಳ ಬರ್ತನ್ನು ಹಂಚಿಕೊಂಡು ಕುಳಿತುಕೊಳ್ಳುವ ಏರ್ಪಾಡು. ಆ ಬರ್ತ್ ಬಿದ್ದದ್ದು ತಾಯಿ ಮಗನಿಗೆ. ತಾಯಿ ಮಲಗಿದರು, ಮಗ ಮೈಸೂರಿನವರೆಗೆ ಕಾಲುದೆಸೆಯಲ್ಲಿ ಮೊಣಕಾಲು ಅಪ್ಪಿ ಕುಳಿತರು.

ಮನೆಗೆ ಬಂದ ವಾರದಲ್ಲಿ ಅತ್ತೆಯವರು ಕಾಶಿಯ ಮಾತೆತ್ತಿದರು. ಗಡಿ ದಾಟಿದರೆ ಶಕ್ತಿ ಯೋಜನೆ ನಡೆಯುವುದಿಲ್ಲ, ಅಲ್ಲಿ ಎಲ್ಲರಿಗೂ ಟಿಕೆಟ್ ಎಂದು ನಮ್ಮವರು ಸ್ವಲ್ಪ ಸಂತೋಷದಿಂದಲೇ ವಿವರಿಸಿದರು. ಕಾಶಿ ಯಾತ್ರಿಕರಿಗೆ ಸರಕಾರ 2022ರಲ್ಲಿ 5,000 ರೂಪಾಯಿ ಸಹಾಯಧನದ ಯೋಜನೆ ತಂದದ್ದು ಅತ್ತೆಯವರಿಗೆ ಆಗಲೇ ಗೊತ್ತಿತ್ತು. ಉಳಿದ ಹಣಕ್ಕೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಅಡುಗೆಮನೆಗೆ ಹೋಗಿ, ಅಕ್ಕಿಯ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈಯಿಳಿಸಿ ಒಂದು ಬಟ್ಟೆಯ ಗಂಟನ್ನು ಹೊರತೆಗೆದರು. ಕುಶಾಲನಗರದ ಮಗಳ ಮನೆಗೆ ಹೋಗಿ ಬರುವಾಗಲೆಲ್ಲ, ಬಸ್ಸಿಗೆಂದು ನಾವು ಹಿಂದೆ ಕೊಡುತ್ತಿದ್ದ ಹಣವನ್ನು ಶಕ್ತಿ ಯೋಜನೆ ಬಂದ ಮೇಲೂ ತಪ್ಪದೆ ಕೇಳಿ ಪಡೆಯುತ್ತಿದ್ದರಲ್ಲ, ಅದೆಲ್ಲ ಅಲ್ಲಿತ್ತು. ಅಕ್ಕಿಯಲ್ಲಿದ್ದುದರಿಂದ ನೋಟುಗಳು ಗರಿಗರಿಯಾಗಿದ್ದವು. ಒಣಮೀನಿನ ವಾಸನೆ ಇರಲಿಲ್ಲ.

“ನನ್ನದು ಆಯಿತು. ನಿಮಗೆ ಎಷ್ಟು ಕಡಿಮೆ ಬೀಳುತ್ತದೆ ಹೇಳಿ” ಎಂದರು.

ನಮ್ಮವರು ಮನಸ್ಸಿನಲ್ಲಿಯೇ ಲೆಕ್ಕ ಮಾಡಿ, ಮುಂದಿನ ಏಪ್ರಿಲ್‌ಗೆ ಹೊಸ ಆರ್‌ಡಿ ಮುಗಿದ ಕೂಡಲೇ ತೀರಿಸುವುದಾಗಿ ಹೇಳಿ ಸಾಲ ಕೇಳಿದರು.

“ಬ್ಯಾಂಕಿನವರು ನಿಮಗೆ ಎಷ್ಟು ಬಡ್ಡಿ ಕೊಡುತ್ತಾರೆ?”

“ಆರೂವರೆ, ಅಮ್ಮ.”

“ಹಾಗಾದರೆ ನನಗೆ ಏಳು ಕೊಡು” ಎಂದು ಅತ್ತೆಯವರು ಗಂಟನ್ನು ಮತ್ತೆ ಕಟ್ಟತೊಡಗಿದರು.